ಅಕ್ಕನ ಕೌದಿ ಹೊಲಿಸಿದವರು

ಹೋದ ವರ್ಷ ಆಷಾಢದ ಒಂದು ಬುಧವಾರ, ಬೆಳಿಗ್ಗೆ ಹತ್ತು ಗಂಟೆ. ಹೊಸದುರ್ಗದ ನಮ್ಮ ನಡುಮನೆಯಲ್ಲಿ ಮೂವರಿದ್ದೆವು: ನಾನು, ಮಂಚದ ಮೇಲೆ ನನ್ನ ಅಕ್ಕ, ನೆಲದ ಮೇಲೆ ಹಿಂದಿನ ಬೀದಿಯ ಕೌದಿಯಮ್ಮ. ಅವರ ಬಲಗೈ ನಡುಬೆರಳ ತುದಿ ಹುಣಸೆ ಬೀಜದಂತೆ ಗಟ್ಟಿಯಾಗಿ ಹೊಳೆಯುತ್ತಿತ್ತು. ಹುಡುಗಿಯಾಗಿದ್ದಾಗಿನಿಂದ ಸೂಜಿಯನ್ನು ಆ ತುದಿಯಿಂದಲೇ ತಳ್ಳಿದವರು. ಮೂವತ್ತಾರು ವರ್ಷ ನರ್ಸ್ ಆಗಿದ್ದ ನಾನು ಯಾರನ್ನು ಕಂಡರೂ ಮೊದಲು ಕೈ ನೋಡುತ್ತೇನೆ. ಆ ಬೆರಳು ನಾನು ಹೊಲಿದಿದ್ದ ಬಟ್ಟೆಯ ಮೇಲೆ ನಿಧಾನವಾಗಿ ಸವರುತ್ತ ಹೋಗಿ ಒಂದು ಉಬ್ಬಿನ ಮೇಲೆ ನಿಂತಿತು.

“ಸಿಸ್ಟ್ರೇ, ಇದು ಕೌದಿ ಅಲ್ಲ. ಇದನ್ನ ಹೊದ್ಕಂಡ್ರೆ ಗುಡ್ಡ ಹೊತ್ಕಂಡಂಗೆ ಆಗ್ತೈತೆ,” ಎಂದರು.

ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ.

ಆ ಕೌದಿ ಅಕ್ಕನಿಗಾಗಿಯೇ ಶುರುವಾಗಿತ್ತು. ಬಿ.ದುರ್ಗದಲ್ಲಿದ್ದ ಅವಳು ಕಿಡ್ನಿ ಕೆಟ್ಟ ಮೇಲೆ ನನ್ನ ಮನೆಗೆ ಬಂದಳು. ಸೋಮವಾರ, ಗುರುವಾರ ಚಿತ್ರದುರ್ಗಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದೆವು. ಬಂದ ಮೇಲೆ ಅವಳಿಗೆ ಮೈತುಂಬ ನಡುಕ. ಎರಡು ಹೊದಿಕೆ ಹಾಕಿದರೂ ನಿಲ್ಲುತ್ತಿರಲಿಲ್ಲ. ಒಂದು ದಿನ, ಅವ್ವನ ಸೀರೆ ಹೊದ್ದು ಮಲಗಬೇಕೆನ್ನಿಸುತ್ತದೆ ಎಂದಳು. ಅವ್ವನ ಐದು ಸೀರೆ ಟ್ರಂಕಿನಲ್ಲಿದ್ದವು. ಮೂರನ್ನು ಪದರವಾಗಿ ಹಾಸಿ, ಎರಡನ್ನು ಕತ್ತರಿಸಿ ಮೇಲೆ ಹಚ್ಚುವ ಚೂರು ಮಾಡಿಕೊಂಡೆ. ಅಕ್ಕನ ರಕ್ತಪರೀಕ್ಷೆಯ ಚೀಟಿಗಳನ್ನು ನಾನು ಓದಬಲ್ಲೆ. ಬರುವ ಚಳಿಗಾಲ ಅವಳಿಗೆ ಸಿಕ್ಕೀತು, ಅದರ ಮುಂದಿನದು ಅನುಮಾನ ಎಂದು ತಿಳಿದಿತ್ತು. ಚಳಿ ಬೀಳುವ ಮೊದಲು ಕೌದಿ ಮುಗಿಯಲೇಬೇಕಿತ್ತು.

ನರ್ಸಿಂಗ್ ಹಾಸ್ಟೆಲಿನಲ್ಲಿ ನಾನು ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ ಕಲಿತಿದ್ದೆ. ಬಟ್ಟೆಯನ್ನು ನಾಲ್ಕಾಗಿ ಮಡಿಸಿ ನಡುವನ್ನು ಹುಡುಕಬೇಕು, ಅಲ್ಲಿಂದ ನೇಯ್ಗೆಯ ಮನೆ ಎಣಿಸುತ್ತ ಹೊರಗೆ ಹೋಗಬೇಕು ಎಂಬುದು ಅಲ್ಲಿನ ಪಾಠ. ಕೌದಿಯನ್ನೂ ಹಾಗೆಯೇ ಹಿಡಿದೆ. ಸೀಮೆಸುಣ್ಣದಿಂದ ಚೌಕ ಎಳೆದು, ದಿನಕ್ಕೊಂದು ಚೌಕದಂತೆ ಹತ್ತರಿಂದ ಹನ್ನೆರಡರವರೆಗೆ ಹೊಲಿದು, ಮುಗಿದದ್ದಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆ. ನಲವತ್ತು ಗುರುತು ಬಿದ್ದಿದ್ದವು. ಆದರೆ ಅಂಚು ಕಟ್ಟಿರಲಿಲ್ಲ. ಒಳಗಿನ ನಯವಾದ ಸೀರೆಗಳು ಜಾರಿ, ನಡುವೆ ಉಬ್ಬಿ, ಒಂದು ಬದಿಗೆ ಗೇಣುದ್ದ ಹೊರಬಂದಿದ್ದವು.

ಕೌದಿಯಮ್ಮ ಬಾಗೂರಿನ ಕಡೆಯ ಕುರಿ ಸಾಕುವ ಮನೆತನದವರು. ಮಂಡಿನೋವು ಹೆಚ್ಚಾದ ಮೇಲೆ ಹೊಸದುರ್ಗದ ಮಗಳ ಮನೆಗೆ ಬಂದಿದ್ದರು.

“ಕುರಿ ಹಟ್ಟಿಗೆ ತುಂಬೋರು ಮಂದೆ ನಡುವೆ ನಿಂತು ಕೂಗ್ತಾರೇನ್ರಿ? ಸುತ್ತ ನಿಂತು ಒಳಕ್ಕೆ ತರ್ಬೇಕು. ಬಟ್ಟೇನೂ ಹಂಗೇ. ಪೂರ್ತಿ ಬಿಚ್ರಿ.”

ಉಬ್ಬಿದಲ್ಲಿ ಮಾತ್ರ ಬಿಚ್ಚುತ್ತೇನೆ ಎಂದು ನಾನು ವಾದಿಸಿದೆ. ಅವರು ಎಲೆಅಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಏಳತೊಡಗಿದರು. ಆಗ ಮಂಚದಿಂದ ಅಕ್ಕ ಹೇಳಿದಳು: “ಬಿಚ್ಚೇ. ಅದು ಮುಗಿಯೋಗಂಟ ನಾನು ಎಲ್ಲಿಗೂ ಹೋಗಲ್ಲ.”

ಬಿಚ್ಚಲು ಒಂಬತ್ತು ದಿನ ಬೇಕಾಯಿತು.

ಆಮೇಲೆ ಅವರ ಕ್ರಮ ನಡೆಯಿತು. ಮೊದಲು ಎಲ್ಲ ಪದರಗಳನ್ನೂ ಕಚ್ಚಾ ಹೊಲಿಗೆಯಿಂದ ಹಿಡಿಸಿ ಅಂಚು ಭದ್ರ ಮಾಡಿದೆವು. ನಂತರ ಅಂಚಿನಿಂದ ಸುತ್ತು ಸುತ್ತಾಗಿ ಒಳಕ್ಕೆ. ಎದುರುಬದುರು ಕುಳಿತು ಹೊಲಿಯುವುದು, ಪ್ರತಿ ಸುತ್ತಿಗೂ ಅಂಗೈಯಿಂದ ಸುಕ್ಕನ್ನು ನಡುವಿಗೆ ತಳ್ಳುವುದು. ಅವರಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಬೆಳಿಗ್ಗೆ ಎಂಟು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡುವುದು ನನ್ನ ಪಾಲಿನ ಕೆಲಸ. ಗಡಿಯಾರ ನೋಡಿ ಏಳುವ ನನ್ನ ಅಭ್ಯಾಸವನ್ನು ಅವರು ಸಹಿಸಲಿಲ್ಲ. ಹಿಡಿದ ದಾರ ಮುಗಿದ ಮೇಲೆಯೇ ಏಳಬೇಕು, ದಿನಕ್ಕೆ ಒಂದೇ ದಾರವಾದರೂ ಅಡ್ಡಿಯಿಲ್ಲ ಎನ್ನುತ್ತಿದ್ದರು. ಚಿತ್ರದುರ್ಗದಿಂದ ದಣಿದು ಬಂದ ದಿನ ನಾನು ಕೌದಿ ಮುಟ್ಟಲಾರೆ ಎಂದರೆ, ಬಾಗಿಲಲ್ಲೇ ನಿಂತು “ಒಂದು ದಾರ ಸಿಸ್ಟ್ರೇ, ಒಂದೇ” ಎನ್ನುವರು. ಆ ಒಂದೊಂದು ದಾರದಿಂದಲೇ ಶ್ರಾವಣದ ಹೊತ್ತಿಗೆ ನಾಲ್ಕೂ ಬದಿಯಿಂದ ಹೊಲಿಗೆ ಒಂದೊಂದು ಗೇಣು ಒಳಕ್ಕೆ ಬಂದಿತ್ತು.

ನನ್ನ ಹೊಲಿಗೆ ನೋಡಿ, ಗಾಯಕ್ಕೆ ಹಾಕಿದಂತಿದೆ ಎಂದು ಅಕ್ಕನಿಗೆ ದೂರುತ್ತಿದ್ದರು. ಕಂಬಳಿ ನೇಯುವ ಗಂಡಸರು ಮಾತಾಡುತ್ತ ಮಗ್ಗ ನಿಲ್ಲಿಸುತ್ತಾರೆ, ಕೌದಿ ಹೊಲಿಯುವ ಹೆಂಗಸರಿಗೆ ಮಾತೂ ಸೂಜಿಯೂ ಜೊತೆಯಾಗಿ ನಡೆಯುತ್ತವೆ ಎಂಬುದು ಅವರ ಹೆಮ್ಮೆ. ಆ ಮಾತು ಕೇಳಲೆಂದು ಅಕ್ಕ ಹತ್ತು ಗಂಟೆಗೆ ಮುಂಚೆಯೇ ತಲೆ ಬಾಚಿಸಿಕೊಂಡು ಒರಗಿ ಕೂರುತ್ತಿದ್ದಳು. ನಾನು ಕೊಟ್ಟ ಯಾವ ಮಾತ್ರೆಯೂ ಅವಳನ್ನು ಹಾಗೆ ಎಬ್ಬಿಸಿ ಕೂರಿಸಿರಲಿಲ್ಲ. ಆ ಉಪಕಾರವೊಂದನ್ನೇ ನೆನೆದರೂ ಸಾಕು.

ದೀಪಾವಳಿ ಮುಗಿದ ಮರುವಾರ, ಊಟ ಮುಗಿಸಿ ಕೈ ತೊಳೆಯಲು ಎದ್ದ ಕೌದಿಯಮ್ಮ ಹಿತ್ತಲ ಬಾಗಿಲಲ್ಲೇ ಕುಸಿದರು. ಮಗಳು ಕೂಗಿ ಕರೆದಳು. ನಾನು ಓಡಿಹೋಗಿ ನಾಡಿ ಹಿಡಿದಾಗ ಏನೂ ಸಿಗಲಿಲ್ಲ. ಕೌದಿಯ ನಡುವೆ ಇನ್ನೂ ಎರಡು ಗೇಣು ಬಾಕಿ ಇತ್ತು. ಮಣ್ಣು ಮಾಡಿ ಬಂದ ಮರುದಿನ ಹತ್ತು ಗಂಟೆಗೆ ಕುಳಿತೆ. ಕೈ ಏಳಲಿಲ್ಲ. ಅಕ್ಕ ಮಂಚದಿಂದ ಬಗ್ಗಿ ಸೂಜಿ ತೆಗೆದುಕೊಂಡು, ದಾರ ಪೋಣಿಸಿ ನನ್ನ ಕೈಗಿಟ್ಟಳು.

ಮಾರ್ಗಶಿರದ ಒಂದು ಶುಕ್ರವಾರ ಅಂಗೈಯಗಲ ಮಾತ್ರ ಉಳಿದಿತ್ತು. ಇವತ್ತು ಮುಗಿಯುತ್ತದೆ ಎಂದು ಹೇಳಿಕಳಿಸಿದ್ದರಿಂದ ಕೌದಿಯಮ್ಮನ ಮಗಳು ಬಂದಳು. ಸೆರಗಿನಡಿಯಿಂದ ಒಂದು ಜೋಳದ ರೊಟ್ಟಿ ತೆಗೆದು, ನನ್ನನ್ನು ದಾಟಿ ಹೋಗಿ ಅಕ್ಕನ ಕೈಗೆ ಕೊಟ್ಟಳು.

“ಬರೀ ಹೊಟ್ಟೇಲಿ ಕೌದಿ ಮುಚ್ಚಬಾರ್ದಂತೆ ಅಕ್ಕಾರೆ, ಒಳಗೆ ಒಂದು ಚೂರು ರೊಟ್ಟಿ ಇಡ್ಬೇಕು. ಹಬ್ಬದ ದಿನಾನೇ ಅವ್ವ ಹೇಳಿತ್ತು. ಸಿಸ್ಟ್ರು ಇರುವೆ ಬರ್ತಾವೆ ಅಂತ ಒಪ್ಪಲ್ಲ, ನೀನು ಅಕ್ಕಾರ ಕೈಗೇ ಕೊಡು ಅಂತ.”

ರೋಗಿಗಳ ಹಾಸಿಗೆಯಿಂದ ರೊಟ್ಟಿಚೂರು ಕೊಡವುವುದರಲ್ಲೇ ನನ್ನ ನೌಕರಿಯ ಅರ್ಧ ಕಳೆದಿತ್ತು. ಇರುವೆಯ ಮಾತು ನಾಲಿಗೆಯ ತುದಿಗೆ ಬಂದದ್ದೂ ನಿಜ. ಆಡಲಿಲ್ಲ. ಅಕ್ಕ ಉಗುರಿನಷ್ಟು ಮುರಿದು ನಡುವೆ ಇಟ್ಟಳು. ಮೇಲೆ ಅವ್ವನ ಹಸಿರು ಸೀರೆಯ ಚೂರು ಹಚ್ಚಿ, ಸುತ್ತ ಹೊಲಿದು ಗಂಟು ಹಾಕಿದೆ.

ಕೌದಿಯನ್ನು ಅಕ್ಕನಿಗೆ ಕುತ್ತಿಗೆಯವರೆಗೂ ಹೊದಿಸಿದೆ. ಹಿಂದಿನ ದಿನವಷ್ಟೇ ಡಯಾಲಿಸಿಸ್ ಆಗಿತ್ತು. ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿತು. ನಡುಕವಿರಲಿಲ್ಲ. ಒಂದು ನಿಮಿಷ ಪೂರ್ತಿ ಅವಳ ಉಸಿರು ಎಣಿಸಿದೆ. ಆಮೇಲೆ ನೆಲದ ದಾರದ ಚೂರು ಗುಡಿಸಿ, ಉಳಿದ ರೊಟ್ಟಿಯನ್ನು ಕೌದಿಯಮ್ಮನ ಮಗಳೊಂದಿಗೆ ಹಂಚಿಕೊಂಡು ತಿಂದು, ತಟ್ಟೆ ತೊಳೆದಿಟ್ಟೆ.