ಡೆಸ್ಕಿನ ಮೇಲಿದ್ದ ಹೆಸರು

ಮೂವತ್ತು ವರ್ಷ ಒಂದೇ ಹೈಸ್ಕೂಲಿನಲ್ಲಿ ಕಸ ಗುಡಿಸಿದ ಹೆಂಗಸು ಅವಳು. ಮಕ್ಕಳಿಗೆಲ್ಲ ಆಯಮ್ಮ. ಶನಿವಾರ ಶಾಲೆ ಬಿಟ್ಟ ಮೇಲೆ ಡೆಸ್ಕುಗಳ ಮೇಲಿನ ಗೀಚುಬರಹವನ್ನು ಸೋಪಿನ ನೀರು ಹಾಕಿ ಉಜ್ಜುವುದು ಅವಳ ಪಾಲಿನ ಕೆಲಸ. ಯಾರು ಬರೆದರೆಂದು ಹೆಡ್ಮಾಸ್ಟರರಿಗೆ ಹೇಳಬೇಕೆಂಬ ಅಪ್ಪಣೆಯೂ ಇತ್ತು. ಅವಳು ಉಜ್ಜುತ್ತಿದ್ದಳು, ಹೇಳುತ್ತಿರಲಿಲ್ಲ.

ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟು ಮಾತ್ರ ಅವಳಿಗೆ ಬರುತ್ತಿತ್ತು. ಒಂಬತ್ತನೇ ತರಗತಿಯ ಕಿಟಕಿ ಪಕ್ಕದ ಡೆಸ್ಕಿನಲ್ಲಿ ಮೂರು ವಾರ ಒಂದೇ ಹೆಸರು ಸಿಕ್ಕಿತು, ಮುತ್ತು ಪೋಣಿಸಿದ ಹಾಗೆ. ಅಲ್ಲಿ ಕೂರುವ ಹುಡುಗಿಯದೇ ಇರಬೇಕು ಅಂದುಕೊಂಡಳು. ಆ ಹುಡುಗಿ ಇತ್ತೀಚೆಗೆ ಊಟದ ಡಬ್ಬಿಯನ್ನು ತೆರೆಯದೆಯೇ ಮನೆಗೆ ಒಯ್ಯುತ್ತಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಸ್ವಲ್ಪ ನಗಿಸೋಣವೆಂದು ಸೋಮವಾರ ಮಧ್ಯಾಹ್ನ, ಅವಳೊಬ್ಬಳೇ ಎದುರಾದಾಗ, ಆಯಮ್ಮ ಆ ಹೆಸರು ಹಿಡಿದೇ ಕರೆದಳು.

"ನಿನ್ ಹೆಸ್ರನ್ನ ಎಷ್ಟ್ ಚೆಂದ ಬರ್ದಿದೀಯೇ!"

ಹುಡುಗಿಯ ಮುಖ ಬಿಳಿಚಿಕೊಂಡಿತು. ಅದು ಅವಳ ಹೆಸರಲ್ಲ, ಮುಂದಿನ ಬೆಂಚಿನ ಹುಡುಗಿಯದು. ಇವಳು ಓಡಿಹೋಗಿ ಶೌಚಾಲಯದ ಚಿಲಕ ಹಾಕಿಕೊಂಡಳು.

ಆಯಮ್ಮ ಹಿಂದೆಯೇ ಹೋದಳು. ಬಕೆಟ್ ಬೋರಲು ಹಾಕಿ ಬಾಗಿಲಿಗೆ ಒರಗಿ ಕುಳಿತಳು.

"ಯಾರಾದ್ರೂ ಕೇಳಿಸ್ಕೊಂಡ್ರಾ?" ಒಳಗಿನಿಂದ ಸಣ್ಣ ದನಿ.

"ಯಾರೂ ಇರ್ಲಿಲ್ಲ ಮಗಾ. ನಾನೊಬ್ಳೇ, ಅದೂ ಪೆದ್ದಿ."

"ಅವ್ಳು ಹತ್ರ ಬಂದ್ರೆ ಎದೆ ಹೊಡ್ಕೊಳ್ಳುತ್ತೆ ಆಯಮ್ಮ. ಹುಡ್ಗೀನ ಕಂಡು ಹೀಗಾಗ್ಬಾರ್ದು ಅಲ್ವಾ? ನಂಗೆ ಬದುಕೋದೇ ಬೇಡ ಅನ್ಸುತ್ತೆ."

"ಒಬ್ರು ಇಷ್ಟ ಆಗೋದು ತಪ್ಪಲ್ಲ ಕಣೇ. ಊಟ ನಿದ್ದೆ ಹೋಗಿ ಬದುಕೇ ಬೇಡ ಅನ್ಸುತ್ತಲ್ಲ, ಅದನ್ನ ಮಾತ್ರ ಒಬ್ಳೇ ಹೊರಬಾರ್ದು. ಮಕ್ಳ ಕಷ್ಟ ಕೇಳೋ ಕೌನ್ಸೆಲಿಂಗ್ ಮೇಡಮ್ ಇವತ್ತು ಬಂದಿದಾರೆ, ನಾನೂ ಜೊತೆಗ್ ಬರ್ತೀನಿ. ಬೇಗ ಬಾ, ಈ ಬಕೆಟ್ ಮೇಲೆ ಇನ್ನೊಂದ್ ಗಳಿಗೆ ಕೂತ್ರೆ ನನ್ನ ಸೊಂಟ ಹಿಡ್ಕೊಂಡು, ನೀನೇ ಎತ್ಕೊಂಡ್ ಹೋಗ್ಬೇಕಾಗುತ್ತೆ."

ಅಳುವಿನ ನಡುವೆ ಒಂದು ನಗು ಕೇಳಿಸಿತು. ಆಮೇಲೆ ಚಿಲಕ ಸರಿಯಿತು.

ಮೇಡಮ್ ಕೋಣೆಯಲ್ಲಿ ಹುಡುಗಿ ಆಯಮ್ಮನ ಸೆರಗು ಹಿಡಿದುಕೊಂಡೇ ಕುಳಿತಳು. ಮೊದಲ ದಿನದಿಂದ ಇವತ್ತಿನವರೆಗೆ ಒಂದನ್ನೂ ಬಿಡದೆ, ತಲೆ ತಗ್ಗಿಸದೆ ಹೇಳಿದಳು. ಕೊನೆಗೆ, "ಅಮ್ಮನ್ನ ಕರೆಸಿ ಮೇಡಮ್. ನಾನೇ ಹೇಳ್ತೀನಿ" ಅಂದಳು.

ಇಷ್ಟು ಭಾರವನ್ನು ಎದೆಯಲ್ಲಿಟ್ಟುಕೊಂಡು ಈ ಎಳೆ ಜೀವ ದಿನಾ ಬೆಳಗ್ಗೆ ಎರಡು ಜಡೆ ಹೆಣೆದುಕೊಂಡು ಹೊತ್ತಿಗೆ ಸರಿಯಾಗಿ ಶಾಲೆಗೆ ಬರುತ್ತಿತ್ತಲ್ಲ! ಆಯಮ್ಮ ಬಿಟ್ಟ ಕಣ್ಣು ಬಿಟ್ಟಂತೆ ಅವಳನ್ನೇ ನೋಡುತ್ತಿದ್ದಳು.