ದೀಪ ಆರಿಸಿದ ಕೈ

ಶ್ರೀನಿವಾಸಪುರದ ಬಾದಾಮಿ ಮಾವಿನ ಹಣ್ಣಿನ ವಾಸನೆ ಹಿಡಿದು ಟೇಕಲ್ ಬೆಟ್ಟದ ಗುಂಡೊಂದು ಉರುಳಿಕೊಂಡು ಹೊರಟಿತ್ತಂತೆ. ಕೋಲಾರ ದಾಟುವಷ್ಟರಲ್ಲಿ ಹಣ್ಣಿನ ಕಾಲವೇ ಮುಗಿದು, ವಾಪಸ್ ಹೋಗಲು ನಾಚಿಕೆಯಾಗಿ ದಾರಿಯಲ್ಲೇ ಕೂತುಬಿಟ್ಟಿತಂತೆ. ನಂಬದವರು ಹೋಗಿ ನೋಡಲಿ, ಆ ದಾರಿಯಲ್ಲಿ ಕೂತ ಗುಂಡುಗಳಿಗೇನು ಬರವೇ? ಆದರೆ ಮುಂದೆ ಹೇಳುವುದರಲ್ಲಿ ಅಷ್ಟು ಸುಳ್ಳೂ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಬೈರಕೂರಿನ ಆಶಾರಾಣಿ ಹುಟ್ಟಿದಾಗ ಅಳುವ ಬದಲು "ಯಾಕೆ?" ಅಂದಳು ಎಂದು ಅವಳಜ್ಜಿ ಭಾರತಮ್ಮ ಊರೆಲ್ಲ ಸಾರಿದ್ದಳು. ಅಂಥ ಹುಡುಗಿಗೆ ತಕ್ಕ ಕೆಲಸವೇ ಸಿಕ್ಕಿತು. ಮಾಲೂರಿನಲ್ಲಿ ಉಮಾಶಂಕರ್ ಎಂಬಾತನ ಸಣ್ಣ ವರ್ಕ್‌ಶಾಪು; ಮಾವು ಹಣ್ಣು ಮಾಡುವ ಕೋಣೆಗಳಿಗೆ ಕಂಟ್ರೋಲ್ ಪೆಟ್ಟಿಗೆ ತಯಾರಿಸುವುದು ಅವನ ಕಸುಬು. ಪೆಟ್ಟಿಗೆಯೊಳಗಿನ ಪ್ರೋಗ್ರಾಂ ಬರೆಯುವುದು ಆಶಾರಾಣಿಯ ಪಾಲು.

ಮುಚ್ಚಿದ ಕೋಣೆಯಲ್ಲಿ ಹಣ್ಣೂ ನಮ್ಮ ಹಾಗೇ ಉಸಿರಾಡುತ್ತದೆ. ಗಾಳಿ ಹೊರಹಾಕುವ ಫ್ಯಾನು ನಿಂತರೆ ಆ ಉಸಿರೇ ವಿಷ. ಆಗ ಬಾಗಿಲ ಮೇಲಿನ ಕೆಂಪು ದೀಪ ಹೊತ್ತಿ, ಅದೇ ತಂತಿಯಲ್ಲಿರುವ ಸೈರನ್ ಕೂಗಿಕೊಳ್ಳಬೇಕು. ಶ್ರೀನಿವಾಸಪುರದ ನರಸಿಂಹಪ್ಪನ ಮಾವಿನ ಮಂಡಿಯಲ್ಲಿ ಅದು ಕೂಗಲಿಲ್ಲ. ಕ್ರೇಟು ತರಲು ಒಳಗೆ ಹೋದ ಕದಿರಪ್ಪ ಹಣ್ಣುಗಳ ನಡುವೆಯೇ ಬಿದ್ದು ಸತ್ತ.

ಪೆಟ್ಟಿಗೆಯ ಪಕ್ಕದಲ್ಲಿ ಸೈರನ್ ನಿಲ್ಲಿಸಲು ಒಂದು ಗುಂಡಿ ಇತ್ತು. ಅದನ್ನು ಕದಿರಪ್ಪನೇ ಒತ್ತಿ ಒಳಗೆ ಹೋದ ಎಂದು ಮಂಡಿಯವರೆಲ್ಲ ತೀರ್ಮಾನಿಸಿದರು. ಕುಡಿದಿದ್ದ ಎಂದು ಹಣ್ಣು ವಿಂಗಡಿಸುವ ಆವಲಪ್ಪ ಸೇರಿಸಿದ. ಪೆಟ್ಟಿಗೆ ಸರಿಯಾಗಿದೆ ಎಂದು ಬರೆದುಕೊಡಲು ಬಂದ ಆಶಾರಾಣಿಯ ಮುಂದೆ ಕದಿರಪ್ಪನ ಹೆಂಡತಿ ಮುನಿಯಲ್ಲಮ್ಮ ನಿಂತಳು. ಅವಳೂ ಅದೇ ಮಂಡಿಯಲ್ಲಿ ಕೆಲಸಕ್ಕಿದ್ದವಳು.

"ಅಮ್ಮಯ್ಯ, ನನ್ ಗಂಡ ಅದುನ್ನ ಆರಿಸ್ಲಿಲ್ಲ ಕಣಮ್ಮ. ನಾನು ಆಚೆ ಕಡೇನೇ ಇದ್ದೆ. ಹಲ್ಲಿ ಲೊಚಗುಟ್ಟಿದಂಗೆ ಟಕ್ ಟಕ್ ಅಂತಿತ್ತು. ಕೂಗ್ಲೇ ಇಲ್ಲ."

"ಟಕ್ ಟಕ್ ಅಂತಾನಾ?"

"ಹೂಂ. ಒಳ್ಳೇ ಶಕುನ ಅಂದ್ಕಂಡೆ."

ಆಶಾರಾಣಿ ಅವತ್ತು ಏನನ್ನೂ ಬರೆದುಕೊಡದೆ ಮಾಲೂರಿಗೆ ಮರಳಿದಳು. ಸೈರನ್ ಗುಂಡಿ ಒತ್ತಿ ನಿಲ್ಲಿಸಿದರೆ ಪೆಟ್ಟಿಗೆಯೊಳಗಿನ ಸ್ವಿಚ್ಚು ಒಂದೇ ಸಲ ಟಕ್ ಅನ್ನಬೇಕು. ಮತ್ತೆ ಮತ್ತೆ ಅಂದರೆ ಯಾರೋ ಹೊತ್ತಿಸುತ್ತಿದ್ದಾರೆ, ಯಾರೋ ಆರಿಸುತ್ತಿದ್ದಾರೆ. ಸಾಯುತ್ತಿರುವವನು ಹಾಗೆ ಆಟವಾಡುವುದಿಲ್ಲ.

ಅಂಥದ್ದೇ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಗಾಳಿ ಕೆಟ್ಟಿತೇ ಎಂದು ಅಳೆಯುವ ಸೆನ್ಸರನ್ನು ಪ್ಲಾಸ್ಟಿಕ್ ಕವರಿನೊಳಗೆ ತೂರಿಸಿ, ಬಾಯಿಟ್ಟು ಊದಿದಳು. ಊದಿದಳು ಅಂದರೆ, ಬಲೂನು ಮಾರುವವನು ನೋಡಿದ್ದರೆ ಕೆಲಸ ಬಿಟ್ಟು ಓಡಬೇಕು ಹಾಗೆ. ಕೆಂಪು ದೀಪ ಮಿಣುಕಿತು. ಟಕ್. ಆರಿತು. ಮತ್ತೆ ಮಿಣುಕಿತು. ಟಕ್. ಸೈರನ್ನಿಗೆ ಬಾಯಿ ತೆರೆಯಲೂ ಪುರುಸೊತ್ತಿಲ್ಲ. ತಾನು ಊದುವ ಚಂದಕ್ಕೆ ಬರುತ್ತಿದ್ದ ಅವಳ ನಗು ಅಲ್ಲಿಗೆ ನಿಂತಿತು.

ಪ್ರೋಗ್ರಾಮಿನ ಸಾಲುಗಳಲ್ಲಿ ತಪ್ಪು ಸಿಗಲಿಲ್ಲ. ತಪ್ಪು ಇದ್ದದ್ದು ಜೋಡಣೆಯಲ್ಲಿ. ಮೊದಲೇ ಬರೆದಿಟ್ಟ ತುಂಡುಗಳ ಗಂಟಿಗೆ ಲೈಬ್ರರಿ ಎನ್ನುತ್ತಾರೆ. ಪ್ರೋಗ್ರಾಂ ಯಾವ ಹೆಸರು ಕೂಗುತ್ತದೋ ಆ ಹೆಸರಿನ ತುಂಡನ್ನು ಗಂಟುಗಳಲ್ಲಿ ಹುಡುಕಿ ತಂದು ಕಟ್ಟುವವನು ಲಿಂಕರ್. ಅವನು ಹೆಸರು ನೋಡುತ್ತಾನೆ, ಅರ್ಥ ನೋಡುವುದಿಲ್ಲ. ಸಾಮಾನ್ಯವಾಗಿ ಪ್ರತಿ ಹೆಸರಿಗೂ ಇನಿಶಿಯಲ್ ಅಂಟಿರುತ್ತದೆ. ಇಲ್ಲದಿದ್ದರೆ ಬೀದಿಗೆ ನಾಲ್ಕು ಮಂದಿ ಮುನಿಯಲ್ಲಪ್ಪಂದಿರಿರುವ ನಮ್ಮ ಕಡೆ ಪೋಸ್ಟ್‌ಮ್ಯಾನ್ ಪಾಡು ಏನಾಗುತ್ತದೋ ಅದೇ ಲಿಂಕರ್ ಪಾಡು. ಉಮಾಶಂಕರನ ವರ್ಕ್‌ಶಾಪಿನಲ್ಲಿ ಹಳೇ ಪದ್ಧತಿ, ಇನಿಶಿಯಲ್ ಇಲ್ಲ. ಮೇಲಾಗಿ ಹೆಸರೆಲ್ಲ ಕನ್ನಡದಲ್ಲೇ ಇಡಬೇಕು ಎಂಬುದು ಅವನ ಹೆಮ್ಮೆ. ಓದು, ತೆರೆ, ಮುಚ್ಚು, ಹೀಗೆ.

ಉಮಾಶಂಕರ್ ಸೆನ್ಸರ್ ಲೈಬ್ರರಿಯಲ್ಲಿ 'ಆರಿಸು' ಎಂದು ಬರೆದಿದ್ದ: ಯಾವ ಕೋಣೆಯ ಸೆನ್ಸರ್ ನೋಡಬೇಕೋ ಅದನ್ನು ಆಯ್ದುಕೋ ಎಂದರ್ಥ. ಹಿಂದೆ ಕೆಲಸದಲ್ಲಿದ್ದ ವೇಣುಗೋಪಾಲ್ ಸೈರನ್ ಲೈಬ್ರರಿಯಲ್ಲಿ 'ಆರಿಸು' ಎಂದು ಬರೆದಿದ್ದ: ಕೆಂಪು ದೀಪ ನಂದಿಸು ಎಂದರ್ಥ. ಎರಡೂ ಒಳ್ಳೆಯ ಕನ್ನಡ. ಸೆನ್ಸರ್ ಗಂಟು ಮುಂದೆ, ಸೈರನ್ ಗಂಟು ಹಿಂದೆ ಇದ್ದಷ್ಟು ಕಾಲ ಲಿಂಕರ್ ಮೊದಲು ಸಿಕ್ಕ ಆಯುವ 'ಆರಿಸು'ವನ್ನೇ ಕಟ್ಟುತ್ತಿದ್ದ.

ಬೇಸಿಗೆಗೆ ಮುಂಚೆ ಹೊಸ ಪ್ರೋಗ್ರಾಂ ಜೋಡಿಸುವಾಗ, ಕರೆದ ಹೆಸರೊಂದು ಎಲ್ಲೂ ಸಿಗುತ್ತಿಲ್ಲ ಎಂದು ಲಿಂಕರ್ ಹಟ ಹಿಡಿದಿದ್ದ. ದಾಟಿ ಬಂದ ಗಂಟನ್ನು ಅವನು ಮತ್ತೆ ಬಿಚ್ಚುವುದಿಲ್ಲವಾದ್ದರಿಂದ, ಎಲ್ಲರೂ ಮಾಡುವಂತೆ ಆಶಾರಾಣಿ ಗಂಟುಗಳನ್ನು ಹಿಂದೆ ಮುಂದೆ ಮಾಡಿದಳು. ಸೈರನ್ ಮುಂದೆ ಬಂತು, ತಕರಾರು ನಿಂತಿತು. ಸೆನ್ಸರಿಗೆ ಕೆಟ್ಟ ಗಾಳಿ ಹಿಡಿಯದೆ, ಪರೀಕ್ಷೆಯ ಗುಂಡಿಯೊಂದನ್ನೇ ಒತ್ತಿ ಸೈರನ್ ಕೂಗಿಸಿ ನೋಡಿದರು, ಮಾಲೂರು ನಾಯಿಗಳೆಲ್ಲ ಜತೆಗೂಡಿ ಕೂಗಿದವು. ಪೆಟ್ಟಿಗೆ ಶ್ರೀನಿವಾಸಪುರಕ್ಕೆ ಹೋಯಿತು. ಅಂದಿನಿಂದ ಆ ಪೆಟ್ಟಿಗೆ, ಕೋಣೆಯ ಗಾಳಿ ನೋಡಲು ಸೆನ್ಸರ್ ಆರಿಸು ಎಂದಾಗಲೆಲ್ಲ ಅಪಾಯದ ದೀಪವನ್ನು ಆರಿಸುತ್ತಲೇ ಇತ್ತು.

ಆ 'ಆರಿಸು' ಯಾವ ಗಂಟಿನಿಂದ ಬಂತು ಎಂದು ಲಿಂಕರನ್ನೇ ಕೇಳಿದಳು. ಸೈರನ್ ಗಂಟಿನಿಂದ ಎಂದ ಅವನು, ತಣ್ಣಗೆ.

ಅದನ್ನು ಉಮಾಶಂಕರನಿಗೆ ತೋರಿಸಿದಳು. ಅವನು ಎದ್ದು ಹೋಗಿ ಬಾಗಿಲು ಹಾಕಿದ.

"ಹೆಸ್ರು ಬದಲಾಯ್ಸಿ ಹೊಸದು ಹಾಕ್ಬಿಡೋಣ. ಎಲ್ಲಾ ಮಂಡಿಗೂ ನಾನೇ ಹೋಗಿ ಹಾಕಿ ಬರ್ತೀನಿ. ಯಾರಿಗೂ ಗೊತ್ತಾಗಲ್ಲ."

"ಆ ಯಮ್ಮ ಏನ್ ಮಾಡ್ಬೇಕು ಸಾರ್? ಗಂಡ ಕುಡ್ಕೊಂಡು ಸತ್ತ ಅಂತ ಹೊತ್ಕೊಂಡು ತಿರುಗ್ಬೇಕಾ?"

"ಸತ್ತೋನು ಎದ್ದು ಬರ್ತಾನೇನಮ್ಮ? ನೀನು ಹೋಗಿ ಹೇಳಿದ್ರೆ ಗಂಟು ತಿರುಗಿಸಿದ್ದು ಯಾರು ಅಂತ ಕೇಳ್ತಾರೆ. ನಿನ್ ಹೆಸ್ರೇ ಬರೋದು."

"ಬರ್ಲಿ ಸಾರ್. ಇನಿಶಿಯಲ್ ಸಮೇತ ಬರ್ಲಿ."

ಅವಳು ಕೋಲಾರದಲ್ಲಿ ಬಸ್ಸು ಬದಲಿಸಿ ಶ್ರೀನಿವಾಸಪುರಕ್ಕೆ ಬಂದಾಗ ಮಂಡಿಯಲ್ಲಿ ಹರಾಜು ಮುಗಿದಿತ್ತು. ಮುನಿಯಲ್ಲಮ್ಮ ಹಣ್ಣಿಗೆ ಹಾಸಿದ್ದ ಒಣಹುಲ್ಲು ಗುಡಿಸುತ್ತಿದ್ದಳು. ಆಶಾರಾಣಿ ಅವಳ ಪೊರಕೆಗೆ ಅಡ್ಡ ನಿಂತಳು.

"ನಿಮ್ ಯಜಮಾನ್ರು ಗುಂಡಿ ಮುಟ್ಲಿಲ್ಲ ಅಮ್ಮ. ದೀಪ ಆರಿಸಿದ್ದು ಪೆಟ್ಟಿಗೆ. ಹಂಗೆ ಆರೋ ತರ ಕಟ್ಟಿದ್ದು ನಾನು. ಗೊತ್ತಿಲ್ದೆ ಕಟ್ಟಿದ್ದು. ಆದ್ರೆ ನಾನೇ."

ಮುನಿಯಲ್ಲಮ್ಮ ಅವಳ ಕೈಗಳನ್ನು ನೋಡಿದಳು. ಪೊರಕೆ ಬಿಟ್ಟು, ಆಶಾರಾಣಿಯ ರಟ್ಟೆ ಹಿಡಿದು, ಕ್ರೇಟುಗಳ ಸಾಲು ದಾಟಿಸಿ, ನರಸಿಂಹಪ್ಪ, ಆವಲಪ್ಪ, ಹಮಾಲಿಗಳೆಲ್ಲ ಟೀ ಕುಡಿಯುತ್ತಿದ್ದ ಕಡೆ ಎಳೆದುಕೊಂಡು ಹೋಗಿ ನಿಲ್ಲಿಸಿದಳು.

"ಚೆಪ್ಪಮ್ಮಾ. ಇವರ ಮುಂದೆ ಹೇಳು."

ಹೇಳಿದಳು. ನರಸಿಂಹಪ್ಪ, "ಅದೆಲ್ಲಾ ನಮ್ಗೆ ಅರ್ಥ ಆಗಲ್ಲಮ್ಮ, ಕಂಪ್ಯೂಟ್ರು ವಿಷ್ಯ," ಎಂದು ಲೋಟ ಕೆಳಗಿಟ್ಟ.

"ಕಂಪ್ಯೂಟ್ರು ಬುಡಯ್ಯ," ಅಂದಳು ಮುನಿಯಲ್ಲಮ್ಮ. "ನನ್ ಗಂಡ ಆರಿಸಿದ್ನಾ, ಇಲ್ವಾ? ಅಷ್ಟು ಅರ್ಥ ಆಯ್ತಾ? ಇನ್ನೊಂದ್ ಸಲ ಹೇಳಮ್ಮ, ಆವಲಪ್ಪಣ್ಣಂಗೆ ಕೇಳಿಸ್ಲಿಲ್ಲ."

"ಕದಿರಪ್ಪನವರು ಆರಿಸ್ಲಿಲ್ಲ," ಅಂದಳು ಆಶಾರಾಣಿ, ಮಂಡಿಯ ಆಚೆ ತುದಿಗೂ ಕೇಳುವಂತೆ. "ನಾನು."

ಆವಲಪ್ಪ ಎದ್ದು, ಯಾರ ಮುಖವನ್ನೂ ನೋಡದೆ, ಮೂಲೆಯಲ್ಲಿದ್ದ ಕ್ರೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೊಳೆತ ಹಣ್ಣುಗಳನ್ನು ಒಂದೊಂದಾಗಿ ಆರಿಸತೊಡಗಿದ.