ಸೊಕ್ಕೆಯ ಅಕ್ಕನ ಮನೆಗೆ ಎಳೆದ ಗೆರೆ

೨೦೨೩ರಲ್ಲಿ ನಾನು ಚನ್ನಗಿರಿಯಲ್ಲಿ ಪರವಾನಗಿ ಪಡೆದ ಭೂಮಾಪಕಿಯಾಗಿದ್ದೆ. ಹೊಲದ ಗಡಿ ಅಳೆಯುವುದು, ಅಣ್ಣತಮ್ಮಂದಿರ ಪಾಲಿಗೆ ನಕ್ಷೆ ಮಾಡಿಕೊಡುವುದು ಕೆಲಸ. ವರ್ಷಗಟ್ಟಲೆ ಜಿಪಿಎಸ್ ಹಿಡಿದು ಬದುಗಳ ಮೇಲೆ ಓಡಾಡಿದವಳೆಂದು, ಸೈಕಲ್ ಹವ್ಯಾಸದವರೂ ಯಾವ ಜಿಪಿಎಸ್ ಕೊಳ್ಳಬೇಕೆಂದು ನನ್ನನ್ನೇ ಕೇಳುತ್ತಿದ್ದರು. ಒಂದು ಕೇಳಿದರೆ ಹತ್ತು ಹೇಳುವ ಚಾಳಿ ನನ್ನದು. ಕೇಳಿದವರು ಆಕಳಿಸುವವರೆಗೆ ಬಿಡುತ್ತಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ತ್ಯಾವಣಿಗೆಯಿಂದ ಗಂಗಮ್ಮ ಎಂಬವರು ಗಂಡನ ಜೊತೆ ಬಂದರು. ಗಂಡ ರುದ್ರಪ್ಪ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಜೀವಮಾನವಿಡೀ ಸೈಕಲ್ ತುಳಿದ ಮನುಷ್ಯನಿಗೆ ಮರೆವಿನ ಕಾಯಿಲೆ ಶುರುವಾಗಿತ್ತು. ಹಿಂದಿನ ವಾರ ನಾಲೆಯ ಏರಿ ಹಿಡಿದು ಹೋದವರು ದಾರಿ ತಪ್ಪಿ, ಹೊನ್ನಾಳಿ ರಸ್ತೆಯಲ್ಲಿ ಪರಿಚಯದವರ ಕಣ್ಣಿಗೆ ಬಿದ್ದಿದ್ದರು. ಆದರೆ ಗಂಗಮ್ಮನ ಚಿಂತೆ ಅದಲ್ಲ. ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಮೇಷ್ಟ್ರ ಅಕ್ಕ ಹಾಲಮ್ಮ ಇದ್ದರು. ಪ್ರತಿ ದೀಪಾವಳಿಗೆ ಮೇಷ್ಟ್ರು ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಜಗಳೂರಿಗೆ ಹೋಗಿ, ಅಲ್ಲಿಂದ ತುಳಿದುಕೊಂಡು ಸೊಕ್ಕೆ ಸೇರಿ, ತವರಿನ ಕುಬುಸದ ಕಣ ಕೊಟ್ಟು ಬರುತ್ತಿದ್ದರು.

"ಕಾರ್ನಾಗೆ ಕರ್ಕೊಂಡು ಹೋಗ್ರಿ, ಸಲೀಸು" ಎಂದೆ.

ಮೇಷ್ಟ್ರು ತಲೆ ಅಲ್ಲಾಡಿಸಿದರು. "ಕಾರ್ನಾಗೆ ಹೋಗಿ ಇಳಿದ್ರೆ ಅಕ್ಕ ಗಾಬರಿ ಬೀಳ್ತಾಳೆ ಮೇಡಂ. ತಮ್ಮಂಗೆ ಏನೋ ಆಗೈತೆ ಅಂತ ತಿಳ್ಕಂತಾಳೆ. ಸೈಕಲ್ ಮೇಲೇ ಹೋಗ್ಬೇಕು."

ಅಕ್ಕನಿಗೆ ಕಾಯಿಲೆಯ ವಿಷಯ ತಿಳಿಸಿರಲಿಲ್ಲ. ಮೇಷ್ಟ್ರು ಆಚೆ ಹೋದಾಗ ಗಂಗಮ್ಮ ಮೆಲ್ಲಗೆ ಹೇಳಿದರು: "ಮೊನ್ನೆ ನಮ್ಮ ಮಗಳ ಹೆಸರಿಗೆ ತಡಕಾಡಿದ್ರು. ಅಕ್ಕನ ಗುರ್ತು ಇರೋತನಕ ಒಂದ್ಸಲ ಹೋಗಿ ಬರ್ಲಿ ಅಂತ ನಂದು. ಅವ್ರು ಮುಂದೆ ಹೋಗ್ತಿದ್ರೆ ನಾವು ಹಿಂದೆ ಸ್ಕೂಟ್ರಾಗೆ ಇರೋಣು. ದಾರಿ ಮಾತ್ರ ಅವ್ರೇ ಕಂಡ್ಕಬೇಕು."

ಮೇಷ್ಟ್ರ ಸೈಕಲ್‌ಗೆ ಜಿಪಿಎಸ್ ಹಾಕಿ ದಾರಿ ತೋರಿಸುವ ಕೆಲಸ ಒಪ್ಪಿಕೊಂಡೆ, ಆನೆ ಹತ್ತಿದಷ್ಟು ಗತ್ತಿನಿಂದ. ಮೊಬೈಲ್ ಬೇಡವೆಂದೆ: ಬಿಸಿಲಿಗೆ ಪರದೆ ಕಾಣುವುದಿಲ್ಲ, ಮಧ್ಯೆ ಯಾರಾದರೂ ಫೋನ್ ಮಾಡಿದರೆ ನಕ್ಷೆಯೇ ಮಾಯ. ಸೈಕಲ್‌ಗೆಂದೇ ಬರುವ ಟಚ್ ಪರದೆಯದೊಂದನ್ನು ತರಿಸಿ ನೋಡಿದೆ. ಮೇಷ್ಟ್ರ ಬೆವರಿದ ಬೆರಳು ಎಲ್ಲೆಲ್ಲೋ ತಾಗಿ ಅದು ಏನೇನೋ ತೋರಿಸಿತು. ಅದನ್ನು ವಾಪಸ್ ಕಳಿಸಿ ಇನ್ನೊಂದು ತರಿಸುವಷ್ಟರಲ್ಲಿ ದೀಪಾವಳಿ ದಾಟಿತ್ತು. ಕೊನೆಗೆ ಆರಿಸಿದ್ದು ಅಂಗೈಯಲ್ಲಿ ಹಿಡಿಯುವ, ಗುಂಡಿಗಳಿರುವ ಜಿಪಿಎಸ್. ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ಲಿನಲ್ಲೇ ನಡೆಯುತ್ತದೆ, ಯಾವ ಹಳ್ಳಿಯ ಅಂಗಡಿಯಲ್ಲೂ ಸೆಲ್ ಸಿಗುತ್ತದೆ.

ಇಲ್ಲಿ ಒಂದು ಮಾತು ವಿವರಿಸಬೇಕು. ಮೊದಲೇ ಯೋಜಿಸಿದ ದಾರಿಯನ್ನು ಜಿಪಿಎಸ್‌ಗೆ ಎರಡು ಬಗೆಯಲ್ಲಿ ಕೊಡಬಹುದು. ರೂಟ್ ಎಂದು ಕೊಟ್ಟರೆ, ಸ್ವಲ್ಪ ಅತ್ತಿತ್ತ ಹೋದರೂ ಯಂತ್ರ ತಾನೇ ಲೆಕ್ಕ ಹಾಕಿ ಹೊಸ ದಾರಿ ಹುಡುಕಬಹುದು. ಟ್ರ್ಯಾಕ್ ಎಂದು ಕೊಟ್ಟರೆ ನಾವು ಎಳೆದ ಗೆರೆ ಹಾಗೇ ನಿಲ್ಲುತ್ತದೆ, ತಪ್ಪಿದವರು ಗೆರೆಗೆ ಮರಳಿದರೆ ಸಾಕು. ಮೇಷ್ಟ್ರಿಗೆ ಗೊಂದಲವಾಗಬಾರದೆಂದು ಟ್ರ್ಯಾಕನ್ನೇ ಹಾಕಿ, ಗೆರೆಗೆ ನೇರಳೆ ಬಣ್ಣ ಕೊಟ್ಟೆ. "ಗೆರೆ ಮೇಲೆ ಹೋಗೋದು ತಾನೆ, ಡ್ರಾಯಿಂಗ್ ಮೇಷ್ಟ್ರಿಗೆ ಹೇಳಿಕೊಡ್ತೀರಲ್ಲ!" ಎಂದು ಅವರೇ ನನ್ನನ್ನು ಛೇಡಿಸಿದರು.

ಆಮೇಲೆ ಅಭ್ಯಾಸ. ಹೊನ್ನಾಳಿಗೆ ಒಂದು ಗೆರೆ, ಅಲ್ಲಿಂದ ನ್ಯಾಮತಿಗೆ ಒಂದು. ನ್ಯಾಮತಿ ದಾರಿಯಲ್ಲಿ ಮೇಷ್ಟ್ರು ಒಂದು ಕವಲಿನಲ್ಲಿ ತಪ್ಪು ದಾರಿ ಹಿಡಿದರು. ನಾನು ಇನ್ನೊಂದು ವಾರ ಅಭ್ಯಾಸವಾಗಲಿ ಎಂದೆ. ಆ ವಾರ ಮುಗಿದ ಮೇಲೆ ಮತ್ತೊಂದು. ಗಂಗಮ್ಮ ಬೇಡವೆನ್ನಲಿಲ್ಲ, ಕ್ಯಾಲೆಂಡರ್ ಮಾತ್ರ ನೋಡುತ್ತಿದ್ದರು.

ಡಿಸೆಂಬರ್‌ನಲ್ಲಿ ಜಗಳೂರಿಗೆ ಹೋದೆವು. ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು, ಕುಬುಸದ ಕಣ ಇದ್ದ ಚೀಲವನ್ನು ಹ್ಯಾಂಡಲ್‌ಗೆ ನೇತುಹಾಕಿ ಹೊರಟರು. ಹಿಂದೆ ಸ್ಕೂಟರಿನಲ್ಲಿ ನಾನು ಮತ್ತು ಗಂಗಮ್ಮ. ಸೊಕ್ಕೆ ಹತ್ತಿರವಾಗುವಾಗ ರಸ್ತೆಯ ಅಗಲಕ್ಕೂ ರಾಗಿ ತೆನೆ ಹರವಿದ್ದರು. ಲಾರಿ, ಬಸ್ಸು ಹಾಯ್ದು ಒಕ್ಕಣೆಯಾಗಲಿ ಎಂದು ನಮ್ಮ ಕಡೆ ಟಾರು ರಸ್ತೆಯನ್ನೇ ಒಕ್ಕುವ ಕಣ ಮಾಡಿಕೊಳ್ಳುವುದುಂಟು.

"ಸೈಕಲ್ ಜಾರ್ತೈತೆ ಯಜಮಾನ್ರೆ, ಹೊಲದಾಗೆ ಇಳ್ದು ಹೋಗ್ರಿ" ಎಂದು ಹೆಂಗಸೊಬ್ಬಳು ಕೂಗಿದಳು. ಮೇಷ್ಟ್ರು ಇಳಿದು, ಹೊಲದಲ್ಲಿ ಸೈಕಲ್ ತಳ್ಳಿಕೊಂಡು ಸುತ್ತಿ ಬಂದು, ಯಂತ್ರ ನೋಡಿ, ಮತ್ತೆ ಗೆರೆಯ ಮೇಲೆ ಹತ್ತಿದರು. ನಾನು ಗಂಗಮ್ಮನ ಕೈ ಹಿಡಿದು ಕುಣಿಯುವುದೊಂದು ಬಾಕಿ. ನನ್ನ ಆಯ್ಕೆ ಗೆದ್ದಿತ್ತು.

ಅವರು ಯಾರನ್ನೂ ಕೇಳದೆ, ಎಲ್ಲೂ ತಪ್ಪದೆ ಅಕ್ಕನ ಮನೆಯ ಮುಂದೆಯೇ ನಿಂತರು. ಯಂತ್ರ ಸದ್ದು ಮಾಡಿತು. ಬಾಗಿಲಲ್ಲಿ ಹಾಲಮ್ಮ ಕೋಲು ಹಿಡಿದು ನಿಂತಿದ್ದರು, ಮುಖವೆಲ್ಲ ನಗು. ಮೇಷ್ಟ್ರು ಸೈಕಲ್‌ಗೆ ಸ್ಟ್ಯಾಂಡ್ ಹಾಕಿ ವಿನಯದಿಂದ ಕೈ ಮುಗಿದರು.

"ತಾಯಿ, ಹಾಲಮ್ಮನ ಮನೆ ಇದೇ ಏನ್ರಿ? ನಾನು ಅವಳ ತಮ್ಮ, ತ್ಯಾವಣಿಗೆಯಿಂದ ಬಂದೀನಿ."

ಹಾಲಮ್ಮ ನಮ್ಮ ಕಡೆ ನೋಡಿದರು. ಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಆ ಹಿರಿಯ ಜೀವಕ್ಕೆ ಅಷ್ಟೇ ಸಾಕಾಯಿತು.

"ಹೂಂ ರೀ, ಇದೇ ಐತೆ. ಹಾಲಮ್ಮ ಹೊರಗೆ ಹೋಗ್ಯಾಳೆ, ಬರ್ತಾಳೆ. ಒಳಗೆ ಬರ್ರಿ" ಎಂದರು.

ಸ್ವಂತ ತಮ್ಮನಿಗೆ ರೀ ಹಚ್ಚಿ ಮಾತಾಡುತ್ತಾ ರೊಟ್ಟಿ ಬಡಿಸಿದರು. ಮೇಷ್ಟ್ರು ಹೊಟ್ಟೆ ತುಂಬ ಉಂಡು, ಅಕ್ಕ ತನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಕಥೆಯನ್ನು ಆಕೆಗೇ ಹೇಳಿದರು. ಆಮೇಲೆ ದನಿ ತಗ್ಗಿಸಿದರು.

"ತಾಯಿ, ನಂಗೆ ಈಚೀಚೆ ಮರೆವು ಶುರು ಆಗೈತೆ. ನಮ್ಮಕ್ಕಂಗೆ ಹೇಳಬ್ಯಾಡ್ರಿ. ಗೊತ್ತಾದ್ರೆ ಅಳ್ತಾಳೆ."

"ಇಲ್ಲ ರೀ" ಎಂದರು ಹಾಲಮ್ಮ. "ನಾನ್ಯಾಕೆ ಹೇಳ್ಲಿ."

ನಾನು ಎದ್ದು ಹಿತ್ತಲಿಗೆ ಹೋಗಿ ಅತ್ತೆ. ಹೊರಡುವಾಗ ಗಂಗಮ್ಮ ಕಣವನ್ನು ಆಕೆಗೇ ಕೊಡಿರೆಂದು ಗಂಡನನ್ನು ಬೇಡಿಕೊಂಡರು. ಮೇಷ್ಟ್ರು ಚೀಲವನ್ನು ಎದೆಗೆ ಅವಚಿಕೊಂಡರು. "ಇದು ಅಕ್ಕನ ಕೈಗೇ ಕೊಡ್ಬೇಕು. ಮುಂದಿನ ಸಲ ಬರ್ತೀನಿ" ಎಂದು ವಾಪಸ್ ತಂದರು.

ನಾನು ಸ್ಕೂಟರ್ ಹತ್ತುವ ಮುನ್ನ, ಗಂಗಮ್ಮನಿಂದ ಎಲ್ಲ ತಿಳಿದುಕೊಂಡಿದ್ದ ಹಾಲಮ್ಮ ನನ್ನ ಗಲ್ಲ ಮುಟ್ಟಿ ಹೇಳಿದರು: "ದಾರಿ ಬಾಳ ಚೆನ್ನಾಗಿ ತೋರ್ಸೀಯವ್ವ. ದೀಪಾವಳಿಗೆ ಹೆಂಗಾರ ಕರ್ಕೊಂಡು ಬಂದಿದ್ರೆ, ಅಕ್ಕಾ ಅಂತಿದ್ದನೇನೋ."

ಅನ್ನುತ್ತಿದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಯಂತ್ರದ ಬಗ್ಗೆ ಅಂದು ನಾನು ಹೇಳಿದ್ದರಲ್ಲಿ ಯಾವುದೂ ಸುಳ್ಳಲ್ಲ, ಇವತ್ತಿಗೂ ಅದೇ ಬಗೆಯ ಜಿಪಿಎಸ್ಸನ್ನೇ ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ, ಯಾರನ್ನು ನೋಡಲು ಹೊರಟಿದ್ದೀರಿ ಎಂದು ಕೇಳುವುದನ್ನು ಕಲಿತಿದ್ದೇನೆ. ಸುಮ್ಮನೆ ತಿರುಗಾಟಕ್ಕೆ ಎಂದರೆ ಕೂರಿಸಿಕೊಂಡು ಹತ್ತು ಮಾತು ಹೇಳುತ್ತೇನೆ. ವಯಸ್ಸಾದವರು ಯಾರೋ ಕಾಯುತ್ತಿದ್ದಾರೆ ಎಂದರೆ ಮಾತ್ರ, ಜಿಪಿಎಸ್ ಆಮೇಲೆ ನೋಡೋಣ, ಇವತ್ತಿನ ಬಸ್ಸಿಗೇ ಹೋಗಿ ಬನ್ನಿ ಎನ್ನುತ್ತೇನೆ.